ಮಗ್ಗದ ಕಾರ್ಡಿನ ಪೆಟ್ಟಿಗೆ ಕೇಳಿದವರು

ಶಿವಣ್ಣ, ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಪೆಟ್ಟಿಗೆಯನ್ನು ವಿಚಾರಿಸಿಕೊಂಡು ಜನ ಬಂದಿದ್ದರು — ಒಬ್ಬಿಬ್ಬರಲ್ಲ, ನಲವತ್ತಕ್ಕೂ ಹೆಚ್ಚು. ಅವರ ಮಾತು ನಿಮ್ಮ ಕಿವಿಗೆ ಬೀಳದ ಹಾಗೆ ನಡುವೆ ನಿಂತವಳು ನಾನು. ನಿಮಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಬರೆಯುತ್ತೇನೆ, ಗೊತ್ತಿಲ್ಲದವರೂ ಓದಬೇಕು.

ನೀವು ಯಳಂದೂರಿನಲ್ಲಿ ಮೈಕ್‌ಸೆಟ್ಟು, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿದ್ದವರು. ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗಕ್ಕೆ ಕಾರ್ಡ್ ಹೊಡೆಯುವವಳು — ಸೀರೆಯ ಅಂಚಿನ ಹೂಬಳ್ಳಿಯನ್ನು ರಟ್ಟಿನ ಪಟ್ಟಿಗಳ ಮೇಲೆ ತೂತುಗಳಾಗಿ ಕೊರೆಯುವ ಕೆಲಸ. ನಮ್ಮ ಬೀದಿಯ ಭಜನೆ ಮನೆಗೆ ಮೈಕ್ ನೋಡಲು ಬಂದವರು ನಾನು ಎಸೆದಿದ್ದ ಕಾರ್ಡೊಂದನ್ನು ಎತ್ತಿ ಬೆಳಕಿಗೆ ಹಿಡಿದಿರಿ. “ಇದು ತಾಳ ಕಣವ್ವ. ತೂತ್ ಬಂದ್ರೆ ಏಟು, ರಟ್ ಬಂದ್ರೆ ಸುಮ್ಕಿರಾದು.” ಅಷ್ಟೇ ಸಾಕಾಯಿತು ನಿಮಗೆ. ಕೆಲವೇ ತಿಂಗಳಲ್ಲಿ ಕಾರ್ಡಿನ ತೂತನ್ನು ತಾಳವಾಗಿ ನುಡಿಸುವ ಪೆಟ್ಟಿಗೆ ತಯಾರು. ಕಾರ್ಡಿನ ಸರ ಒಳಗೆ ಸರಿದ ಹಾಗೆ ನಮ್ಮಪ್ಪ ನೇಯುತ್ತಿದ್ದ ಮಾವಿನಕಾಯಿ ಅಂಚು ಸ್ಪೀಕರಿನಲ್ಲಿ ಟಕಟಕ ಎಂದಾಗ ನಾನು ಅಯ್ಯೋ ಎಂದು ಬಾಯಿಗೆ ಸೆರಗು ಹಿಡಿದೆ.

ಆದರೆ ಅದನ್ನು ಕೊಳ್ಳುವವರು ಯಾರು? ಮಾಡ್ಯುಲರ್ ಸಿಂಥಸೈಜರ್ ಎಂಬ ವಾದ್ಯವಿದೆಯಂತೆ, ಬೇರೆ ಬೇರೆ ಪೆಟ್ಟಿಗೆಗಳನ್ನು ವೈರಿನಿಂದ ಜೋಡಿಸಿ ಸದ್ದು ಹೊರಡಿಸುವುದು; ಅದರ ಹುಚ್ಚಿನವರು ಜಗತ್ತಿನ ಮೂಲೆಮೂಲೆಯಲ್ಲಿ ಒಬ್ಬೊಬ್ಬರಿರುತ್ತಾರಂತೆ. ಅವರಿಗೆ ನಮ್ಮ ಪೆಟ್ಟಿಗೆ ನಿಜವಾಗಿ ಬೇಕಾ ಎಂದು ತಿಳಿಯಲು ಇಂಟರ್ನೆಟ್ಟಿನಲ್ಲಿ ಕ್ರೌಡ್‌ಫಂಡಿಂಗ್ ಪೇಜು ತೆರೆದೆವು. ತಿಂಗಳೊಳಗೆ ಐವತ್ತು ಜನ ಮುಂಗಡಕ್ಕೆ ಒಪ್ಪಿ ಹೆಸರು ಬರೆಸಿದರೆ ಮಾಡುವುದು, ಇಲ್ಲದಿದ್ದರೆ ಯಾರ ದುಡ್ಡನ್ನೂ ಮುಟ್ಟುವುದಿಲ್ಲ. ನನಗೆ ಇಂಗ್ಲಿಷ್ ಬರುತ್ತದೆಂದು, ಬಂದ ಪತ್ರಗಳನ್ನು ಓದಿ ಉತ್ತರ ಬರೆಯುವ ಕೆಲಸ ನನಗೆ ಬಿಟ್ಟಿರಿ. ನನ್ನನ್ನು ನಂಬಿ ಬಿಟ್ಟಿರಿ.

ಮೊದಲ ವಾರವೇ ಪ್ರಶ್ನೆಗಳು ಶುರುವಾದವು. ರಟ್ಟಿನ ದಪ್ಪ ಎಷ್ಟು? ಒಂದು ಸಾಲಿಗೆ ತೂತು ಎಷ್ಟು? ನಾವೇ ಕೊರೆದುಕೊಳ್ಳಬಹುದಾ? — ಓದುತ್ತಿದ್ದ ಹಾಗೆ ನನ್ನ ಮೈ ಉರಿಯಿತು. ನಮ್ಮ ಬೀದಿಯಲ್ಲಿ ಇಂಥ ಪ್ರಶ್ನೆ ಕೇಳುವವನು ಡಿಸೈನ್ ಕದಿಯಲು ಬಂದವನೇ. ಇವತ್ತು ಕಾರ್ಡ್ ತೋರಿಸಿದರೆ ಎಂಟು ದಿನದಲ್ಲಿ ಅದೇ ಅಂಚು ಇನ್ನೊಬ್ಬರ ಮಗ್ಗದ ಮೇಲೆ ಇರುತ್ತದೆ. ಅಪ್ಪ ಕಾರ್ಡುಗಳನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗದ ಕೈಯನ್ನು ಸೊಂಟದಲ್ಲಿ ಇಟ್ಟುಕೊಂಡವರು. ಸೀರೆ ಬೇಕಾದವನಿಗೆ ಕಾರ್ಡಿನ ಉಸಾಬರಿ ಯಾಕೆ ಎಂದು ಬೈದು ಅಟ್ಟುತ್ತಿದ್ದರು. ನಾನೂ ಅಟ್ಟಿದೆ. ಒಂದಕ್ಕೂ ಉತ್ತರ ಬರೆಯಲಿಲ್ಲ.

ಒಬ್ಬ ಅಂಗಡಿಯವನು ಹತ್ತು ಪೆಟ್ಟಿಗೆ ಬೇಕೆಂದು ಬರೆದ. ಹತ್ತು ಯಾಕೆ? ಬಿಚ್ಚಿ ನೋಡಲಿಕ್ಕೇ ಇರಬೇಕು ಎಂದುಕೊಂಡೆ. ಅದೇ ವಾರ ನೀವು ಹೇಳದೆ ಕೇಳದೆ ಎರಡು ಸಲ ಹನೂರಿಗೆ ಹೋಗಿ ಬಂದಿರಿ. ಅಲ್ಲಿ ಅವನ ಕಡೆಯವರ ಕೂಡ ನನಗೆ ಗೊತ್ತಾಗದ ಹಾಗೆ ವ್ಯಾಪಾರ ಕುದುರಿಸುತ್ತಿದ್ದೀರಾ — ಅದೂ ಬಂತು ನನ್ನ ತಲೆಗೆ. ಜನ ತಾವೇ ಕಾರ್ಡ್ ಕೊರೆದುಕೊಂಡರೆ ಈ ರುಕ್ಮಿಣಿ ಯಾರಿಗೆ ಬೇಕು? ಥೂ, ಎಂಥ ಮನಸ್ಸು ನನ್ನದು. ನೀವು ಹೋಗಿದ್ದು ಅಕ್ಕನ ಮಗಳ ಹೆರಿಗೆಗೆ.

ಕೊನೆಯ ದಿನ ಐವತ್ತರ ಪಟ್ಟಿ ಮೂವತ್ತೊಂದು ಹೆಸರಿಗೆ ನಿಂತಿತ್ತು. ನೀವು ಫೋನ್ ಮಾಡಿದಿರಿ.

“ರುಕ್ಕವ್ವ, ಒಬ್ರಾದ್ರೂ ಏನಾರ ಕೇಳುದ್ರಾ?”

“ಇಲ್ಲ ಕಣಣ್ಣ. ಒಬ್ರೂ ಏನೂ ಕೇಳ್ನಿಲ್ಲ.”

“ಓಗ್ಲಿ ಬುಡವ್ವ,” ಎಂದಿರಿ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಅತ್ತಿಗೆಯನ್ನು ಯಳಂದೂರಿನ ಮನೆಯಲ್ಲೇ ಇರಿಸಿ, ಮಹದೇಶ್ವರ ಬೆಟ್ಟದ ಲಾಡ್ಜೊಂದರಲ್ಲಿ ಮೋಟಾರು, ಗೀಸರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಿರಿ.

ಮೂರು ವರ್ಷವಾದ ಮೇಲೆ, ಹೋದ ತಿಂಗಳು, ಆಗ ಪ್ರಶ್ನೆ ಕೇಳಿದ್ದವರಲ್ಲೇ ಒಬ್ಬ ಮತ್ತೆ ಬರೆದ. ತನ್ನ ಹಳೆಯ ಪೆಟ್ಟಿಗೆಗಳಿಗೆ ಇದು ಹೊಂದುತ್ತದೋ ಇಲ್ಲವೋ ತಿಳಿಯದೆ ಆಗ ಹೆಸರು ಬರೆಸಲಿಲ್ಲವಂತೆ. ಈಗಲೂ ಬೇಕಂತೆ. “ಕಾರ್ಡ್ ಕೊರೆಯಲು ನನ್ನಿಂದ ಆಗಲಿಲ್ಲ, ನೀವೇ ಕೊರೆದು ಕಳಿಸುತ್ತೀರಾ?” ಎಂದು ಕೇಳಿದ್ದ. ಹಳೆಯ ಪತ್ರಗಳನ್ನೆಲ್ಲ ತೆಗೆದು ಓದಿದೆ. ಅವು ಕದಿಯುವವರ ಪ್ರಶ್ನೆಗಳಲ್ಲ, ಕೊಳ್ಳುವ ಮೊದಲು ಯಾರಾದರೂ ಕೇಳುವಂಥವು. ನಾನು ಒಂದೊಂದು ಸಾಲು ಉತ್ತರ ಬರೆದಿದ್ದರೆ — ಬರೆಯಲಿಲ್ಲ.

ಹೇಳಿಬಿಡಬೇಕೆಂದೇ ಬೆಟ್ಟಕ್ಕೆ ಬಂದಿದ್ದೆ ಅವತ್ತು. ಕೌದಳ್ಳಿ ದಾಟುವವರೆಗೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ನೀವು ಟೀ ತರಿಸಿದಿರಿ. ನಾನು ಬಾಯಿ ತೆರೆಯುವ ಮೊದಲೇ ನಗುತ್ತ ಅಂದಿರಿ: “ನಿಮ್ಮತ್ತಿಗೆ ಇವತ್ಗೂ ಯೋಳ್ತಳೆ, ಆವಾಗ ನಂಗೆ ತಲೆ ಕೆಟ್ಟಿತ್ತು ಅಂತ. ದಿಟ ಕಣವ್ವ. ಐವತ್ ಜನಕ್ಕೂ ಬ್ಯಾಡ್ದ ಪೆಟ್ಗೆ ಇಟ್ಕಂಡು ಕುಣುದ್ನಲ್ಲ ನಾನು.” ಟೀ ಕುಡಿದು ಪ್ರಸಾದ ಕಟ್ಟಿಸಿಕೊಂಡು ಬಂದುಬಿಟ್ಟೆ. ಅದು ಎರಡನೆಯ ಸುಳ್ಳು.

ಕ್ಷಮಿಸಿ ಎಂದು ಬರೆಯಲೂ ಅನುಮಾನ ನನಗೆ — ನಿಮಗಾಗಿ ಬರೆಯುತ್ತಿದ್ದೇನೋ, ನನ್ನ ಎದೆ ಹಗುರವಾಗಲೆಂದೋ. ಅದಿರಲಿ. ಪತ್ರಗಳನ್ನೆಲ್ಲ ಪ್ರಿಂಟ್ ತೆಗೆಸಿ ಕನ್ನಡಕ್ಕೆ ಬರೆದಿಟ್ಟಿದ್ದೇನೆ. ಸೋಮವಾರ ಮೊದಲು ಯಳಂದೂರಿಗೆ ಹೋಗುತ್ತೇನೆ. ನಿಮ್ಮ ತಲೆ ಕೆಟ್ಟಿರಲಿಲ್ಲ, ಕೆಟ್ಟಿದ್ದು ನನ್ನ ಬುದ್ಧಿ ಎಂದು ಅತ್ತಿಗೆಯ ಮುಂದೆ ಕೂತು ಇದನ್ನು ಪೂರ್ತಿ ಓದಿ ಹೇಳಿ, ಆಮೇಲೆ ಬೆಟ್ಟದ ಬಸ್ಸು ಹತ್ತುತ್ತೇನೆ.