ಕಾಕಾ ಆರಿಸಿದ ಬೋರ್ಡು

ಮೊನ್ನೆ ಕಂದು ಬಣ್ಣದ ಸರ್ಕ್ಯೂಟ್ ಬೋರ್ಡೊಂದಕ್ಕೆ ತೂತು ಕೊರೆಯುತ್ತಿದ್ದೆ. ಡ್ರಿಲ್ ಬಿಸಿಯಾಗಿ, ಸುಟ್ಟ ಕಾಗದಕ್ಕೆ ಔಷಧಿ ಬೆರೆಸಿದಂಥ ವಾಸನೆ ಎದ್ದಿತು. ತಕ್ಷಣ ಪಕ್ಕದ ಮನೆಯ ಕಾಕಾ ನೆನಪಾದರು. ಅವರ ಪಡಸಾಲೆ ಸಂಜೆಯಾದರೆ ಹೀಗೇ ನಾರುತ್ತಿತ್ತು. ಅಲ್ಲಿ ಕಳೆದಂಥ ಖುಷಿಯ ಸಂಜೆಗಳು ನನಗೆ ಆಮೇಲೆ ಸಿಕ್ಕಿಲ್ಲ.

ಜೇವರ್ಗಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಕಾಕಾ ಅಫಜಲಪುರದ ಕಡೆ ಬಸ್ ಓಡಿಸಿ ನಿವೃತ್ತರಾದವರು. ವರ್ಷಗಟ್ಟಲೆ ಎಂಜಿನ್ ಪಕ್ಕದಲ್ಲಿ ಕೂತು ಅವರ ಕಿವಿ ಮಂದವಾಗಿತ್ತು. ಕಿವಿಗೆ ಹಾಕುವ ಮಷೀನು ಬೀದಿಯ ಗದ್ದಲವನ್ನೆಲ್ಲ ತಂದು ಸುರಿಯುತ್ತದೆಂದು ಅದನ್ನು ಕಪಾಟಿಗೆ ಸೇರಿಸಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ ದನಿ. ಅವರ ಹೆಂಡತಿ, ನಮ್ಮ ಕಾಕಿ, ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ತಗ್ಗಿದ ದನಿಯಲ್ಲಿ ವಚನ ಹಾಡಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದು ಎಷ್ಟು ಕಾಲವಾಯಿತೋ... ಎಂದು ಕಾಕಾ ಒಮ್ಮೆ ಹೇಳಿದರು.

ಮನೆಯಲ್ಲೇ ದನಿ ಏರಿಸುವ ಆಂಪ್ಲಿಫೈಯರ್ ಮಾಡುವ ಹುಚ್ಚು ನನಗಾಗಲೇ ಹತ್ತಿತ್ತು. ಕಾಕಿಯ ಮುಂದೊಂದು ಮೈಕು, ನಿಮ್ಮ ಕಿವಿಗೆ ಹೆಡ್‌ಫೋನು, ನಡುವೆ ನಾವೇ ಮಾಡಿದ ಪೆಟ್ಟಿಗೆ ಎಂದು ನಾನು ಹೇಳಿದ್ದೇ ತಡ, ಕಾಕಾ ಕನ್ನಡಕ ಹುಡುಕತೊಡಗಿದರು. ಬೆಸುಗೆ ಹಾಕುವ ಕೈ ಅವರದು, ಕೇಳಿ ನೋಡುವ ಕಿವಿ ನನ್ನದು ಎಂದಾಯಿತು.

ವಾದ ಶುರುವಾದದ್ದು ಬೋರ್ಡಿನ ವಿಷಯಕ್ಕೆ. ಕಲಬುರಗಿಯ ಅಂಗಡಿಯಲ್ಲಿ ಎರಡು ಬಗೆ ಸಿಕ್ಕಿದ್ದವು. ಒಂದು ಕಾಗದ ಒತ್ತಿ ಮಾಡಿದ ಕಂದು ಬೋರ್ಡು, ಇನ್ನೊಂದು ಗಾಜಿನ ನಾರಿನ ಹಸಿರು ಬೋರ್ಡು. ಹಸಿರಿನದರಲ್ಲೇ ದನಿ ಸ್ವಚ್ಛ ಎಂದು ನಾನು ಹಟ ಹಿಡಿದೆ. ಹಾಗಾದರೆ ಎರಡನ್ನೂ ಮಾಡೋಣ ಎಂದರು ಕಾಕಾ. ಬೋರ್ಡಿನ ಮೇಲಿನ ಬೇಡದ ತಾಮ್ರ ಕರಗಿಸುವ ದ್ರಾವಣ ಚೆಲ್ಲಿ ಪಡಸಾಲೆಗೆ ಹಾಸಿದ ಶಹಾಬಾದಿ ಪರ್ಶಿಕಲ್ಲು ಹಳದಿಯಾದಾಗ, ಕಾಕಿ ನಮ್ಮಿಬ್ಬರನ್ನೂ ಸಾಮಾನು ಸಮೇತ ಅಂಗಳಕ್ಕೆ ಅಟ್ಟಿದರು. ನಾವು ಅಲ್ಲೇ ನಗುತ್ತ ಕೆಲಸ ಮುಂದುವರಿಸಿದೆವು.

ಎರಡೂ ಸಿದ್ಧವಾದ ದಿನ ನಾನು ಕಣ್ಣು ಮುಚ್ಚಿ ಹೆಡ್‌ಫೋನು ಹಾಕಿಕೊಂಡೆ. ಕಾಕಿ ಹಾಡಿದರು, ಕಾಕಾ ಬೋರ್ಡು ಬದಲಿಸುತ್ತ ಹೋದರು. ಇದೇ ಹಸಿರು, ಏನು ದನಿ ಎಂದು ನಾನು ಕುಣಿದಾಡಿದೆ. ಕಣ್ಣು ಬಿಟ್ಟರೆ ಕಂದು! ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ದನಿಯಲ್ಲಿ ವ್ಯತ್ಯಾಸವೇ ಇಲ್ಲದ ಮೇಲೆ ಅಗ್ಗದ ಕಂದು ಬೋರ್ಡೇ ಸಾಕಲ್ಲ ಎಂದೆ.

ಅವರು ಕಂದು ಬೋರ್ಡಿನಿಂದ, ದನಿ ಎಷ್ಟು ಏರಬೇಕೆಂದು ನಿರ್ಧರಿಸುವ ರೆಸಿಸ್ಟರ್ ಬಿಚ್ಚಿ ಮತ್ತೆ ಬೆಸೆದರು. ಮತ್ತೆ ಬಿಚ್ಚಿದರು. ಹೀಗೇ ಮಾಡುತ್ತಿರಲು ತಾಮ್ರದ ಪಟ್ಟಿ ಸಿಪ್ಪೆಯಂತೆ ಎದ್ದು ಬಂತು. ಹಸಿರು ಬೋರ್ಡಿಗೂ ಅದನ್ನೇ ಮಾಡಿದರು. ಅದು ಅಷ್ಟೂ ಬಿಸಿ ತಿಂದು ಹಾಗೇ ಇತ್ತು.

"ಈ ಕಿವಿ ಇನ್ನಾ ಕೆಡ್ತಾವ ತಂಗಿ," ಎಂದರು. "ವರ್ಷಾ ವರ್ಷಾ ಬಿಚ್ಚಿ ದನಿ ಏರಸಬೇಕಾಗ್ತದ. ಬೋರ್ಡು ಅದನ್ನ ತಡಕೋಬೇಕು."

ನನ್ನ ನಗು ಅಲ್ಲೇ ನಿಂತಿತು. ಆದರೆ ಮರುದಿನ ಬೆಳಿಗ್ಗೆ ಕಾಕಿಯ ಪೂಜೆಯ ಹೊತ್ತಿಗೆ ಹಸಿರು ಬೋರ್ಡಿನ ಪೆಟ್ಟಿಗೆ ಮುಂದಿಟ್ಟು ಹೆಡ್‌ಫೋನು ಹಾಕಿಕೊಂಡ ಕಾಕಾರ ಮುಖ ನೋಡಿ ನನಗೆ ರೆಕ್ಕೆ ಬಂದಂತಾಯಿತು. ಅಂದು ನಾನು ಕೆಲಸಕ್ಕಿದ್ದ ಬ್ಯಾಂಕಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದೇ ಸುದ್ದಿ ಹೇಳಿದೆ.

ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಮೊನ್ನೆ ಕೊರೆಯುವುದನ್ನು ಅಲ್ಲಿಗೇ ಬಿಟ್ಟು ಕಾಕಿಯನ್ನು ನೋಡಲು ಹೋದೆ. ಈಗ ಪೂಜೆಯ ಹೊತ್ತಿಗೆ ಮೊಮ್ಮಗಳು ಹಾಡುತ್ತಾಳಂತೆ, ಆದರೆ ಕಾಕಿಗೇ ಅದು ಸರಿಯಾಗಿ ಕೇಳಿಸುವುದಿಲ್ಲವಂತೆ. ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಬಿಚ್ಚಿ ನೋಡಿದರೆ ರೆಸಿಸ್ಟರಿನ ಸುತ್ತ ಬೆಸುಗೆಯ ಮೇಲೆ ಬೆಸುಗೆ. ತಾಮ್ರ ಮಾತ್ರ ಕದಲಿರಲಿಲ್ಲ. ಕಾಕಿಯ ಕಿವಿಗೆ ಹೊಂದುವ ರೆಸಿಸ್ಟರ್ ಹಾಕಿ ಹೆಡ್‌ಫೋನು ಕೊಟ್ಟೆ. ಹುಡುಗಿ ಹಾಡಿದಳು.

ಕಾಕಿ ಎರಡೂ ಕೈಯಿಂದ ಕಿವಿ ಒತ್ತಿ ಹಿಡಿದು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ನನ್ನ ದನಿ ಅವರಿಗಿ ಹಿಂಗ ಕೇಳಸ್ತಿತ್ತೇನ ಬೇ?"

ಹೌದ್ರಿ ಕಾಕಿ ಎಂದೆ. ಅಳು ಬಂತು.