ಗ್ಲೆನಿಸ್ ಎಳೆದ ಗೆರೆ

ಗ್ಲೆನಿಸ್ ಆಕ್‌ರಾಯ್ಡ್ ಯಾರನ್ನೂ ನಂಬಿದವಳಲ್ಲ. ಹ್ಯಾಲಿಫ್ಯಾಕ್ಸ್‌ನ ನಮ್ಮ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಸಿನಿಮಾ ಪಾಠ ಮಾಡಿದಳು. ಪಕ್ಕದ ಕೋಣೆಯಲ್ಲಿ ನಾನೂ ಅದನ್ನೇ ಮಾಡಿಕೊಂಡಿದ್ದೆ. ಸ್ಟಾಫ್ ರೂಮಿಗೆ ಯಾರಾದರೂ ಶುಂಠಿ ಬಿಸ್ಕೆಟ್ ತಂದಿಟ್ಟರೆ, "ಏನೋ ಕೆಲಸ ಆಗ್ಬೇಕಾಗಿದೆ ಇವ್ರಿಗೆ" ಅನ್ನುವಳು. ಹಾಗಂದು ತಾನೇ ನಾಲ್ಕು ತಿನ್ನುವಳು.

ಅವಳ ಹೆಸರುವಾಸಿ ಪಾಠ ಸೂಪರ್‌ಹೀರೊ ಸಿನಿಮಾದ ಮೊದಲ ಎರಡು ನಿಮಿಷದ್ದು. ಮೊದಲು ದನಿ ನಿಲ್ಲಿಸಿ ಚಿತ್ರ ಮಾತ್ರ ತೋರಿಸುವಳು, ಆಮೇಲೆ ಪರದೆಗೆ ಬಟ್ಟೆ ಹೊದಿಸಿ ದನಿ ಮಾತ್ರ ಕೇಳಿಸುವಳು. ಇದು ಯಾವ ಜಾತಿಯ ಸಿನಿಮಾ, ಹೇಗೆ ಗೊತ್ತಾಯಿತು ಎಂದು ಕೇಳುವಳು. ಬೋರ್ಡಿನ ನಡುವೆ ಗೆರೆ ಎಳೆದರೆ ಈಚೆ ಬೆಳಕು, ಆಚೆ ಕತ್ತಲೆ; ಈಚೆ ಕಾನೂನು, ಆಚೆ ಪುಂಡಾಟ; ಈಚೆ ನಾಯಕ, ಆಚೆ ಖಳ. ಪಾಠವೇನೋ ಚೆನ್ನಾಗಿತ್ತು. ಆದರೆ ಅವಳು ಮನುಷ್ಯರನ್ನೂ ಅದೇ ಗೆರೆಯ ಆಚೆ ಈಚೆ ನಿಲ್ಲಿಸಿಬಿಡುತ್ತಿದ್ದಳು.

ಆ ವರ್ಷ ಆಚೆ ನಿಂತವಳು ಕೀಸಿಯಾ ಅಂಪಲ್‌ಬಿ. ಹದಿನೇಳರ ಹುಡುಗಿ, ಬಾಯಿ ಬಿಡುವವಳಲ್ಲ. ಬರೀ ಚಿತ್ರ ಓಡುವಾಗ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ ಆ ಹುಡುಗಿಯ ಪ್ರಬಂಧ ನನ್ನ ಕೈಗೆ ಬಂತು. ಒಬ್ಬರು ಅಂಕ ಹಾಕಿದ್ದನ್ನು ಇನ್ನೊಬ್ಬರು ಆ ಅಂಕ ನೋಡದೆ ಓದಬೇಕು, ನಮ್ಮ ಪದ್ಧತಿ ಅದು. "ಸಂಗೀತ ಸಾಹಸದ ಸಿನಿಮಾದ್ದಲ್ಲ, ದೆವ್ವದ ಸಿನಿಮಾದ್ದು. ನಾಯಕನೂ ಖಳನೂ ಒಂದೇ ಲಯದಲ್ಲಿ ಉಸಿರಾಡುತ್ತಾರೆ. ಇವರು ನಿಜಕ್ಕೂ ಎದುರಾಳಿಗಳೇ?" ಎಂದು ಬರೆದಿದ್ದಳು. ಅದೇ ಚಿತ್ರ ಇಪ್ಪತ್ತು ಸಲ ನೋಡಿದ ನನಗೆ ಆ ಉಸಿರು ಕೇಳಿಸಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಪೂರ್ತಿ ಅಂಕ ಹಾಕಿದೆ.

"ಅವಳದ್ದಲ್ಲ ಕಣೆ ಇದು" ಅಂದಳು ಗ್ಲೆನಿಸ್. "ನಾಯಕನ ಕೋಟು ಬೂದು ಅಂತ ಬರ್ದಿದ್ದಾಳೆ. ಕಣ್ಣಿಗೆ ರಾಚೋ ಕೆಂಪು ಅದು. ಎಲ್ಲಿಂದಲೋ ಕದ್ದಿದ್ದಾಳೆ."

"ಕದಿಯೋಳು ಬಣ್ಣಾನೂ ಸರಿಯಾಗೇ ಕದೀತಿದ್ದಳಲ್ವೇನೆ?"

"ನಿಂಗೆ ಎಲ್ಲಾ ತಮಾಷೆ."

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದುಕೊಂಡೆ. ಆದರೆ ಮನೆಗೆ ಹೋಗುವಷ್ಟರಲ್ಲಿ ನನಗೂ ಅನುಮಾನ ಹತ್ತಿತ್ತು. ಗ್ಲೆನಿಸ್ ದೂರು ಬರೆದಿಟ್ಟಳು. ಅದು ಪರೀಕ್ಷಾ ಮಂಡಳಿಗೆ ಹೋದರೆ ಹುಡುಗಿಗೆ ಸೊನ್ನೆ. ಧ್ವನಿಮುದ್ರಣ ಕಲಿಯಲು ಈ ಅಂಕ ಬಂದರೆ ಮಾತ್ರ ಎಂದು ಸಿಕ್ಕಿದ್ದ ಸೀಟೂ ಹೋಗುತ್ತದೆ.

ಗುರುವಾರ ಊಟದ ನಂತರ ಅವಳನ್ನು ಕರೆದೆವು. ಕದ್ದಿದ್ದಾಳೋ ಇಲ್ಲವೋ ತಿಳಿಯಲು ಅವಳು ನೋಡಿರದ ಸಿನಿಮಾ ಒಂದನ್ನು ಹಾಕೋಣ ಎಂದು ನಾನೇ ಹೇಳಿದೆ. ಗ್ಲೆನಿಸ್ ಪರದೆಗೆ ಬಟ್ಟೆ ಹೊದಿಸಿದಳು.

ಹುಡುಗಿ ತಲೆ ತಗ್ಗಿಸಿ ಕಿವಿಗೊಟ್ಟಳು. "ದೊಡ್ಡ ಕೋಣೆ. ಮೇಲಿಂದ ನೀರು ತೊಟ್ಟಿಕ್ತಿದೆ. ಮಾತಾಡ್ತಿರೋನು ಎಡಗಾಲು ಎಳೀತಾನೆ. ಇನ್ನೊಬ್ಬ ಬಾಗಿಲ ಹೊರಗಿದ್ದಾನೆ, ಇವನಿಗೆ ಗೊತ್ತಿಲ್ಲ."

ಒಂದೂ ತಪ್ಪಿರಲಿಲ್ಲ. ಗ್ಲೆನಿಸ್ ಬಟ್ಟೆ ತೆಗೆದಳು. "ಸರಿ, ಹೊರಗಿರೋನ ಕೋಟು ಯಾವ ಬಣ್ಣ?"

ಕೀಸಿಯಾ ಪರದೆಯ ಕಡೆ ಮುಖ ಮಾಡಿದಳು. ನೋಟ ಪರದೆಯ ಪಕ್ಕದ ಗೋಡೆಯ ಮೇಲಿತ್ತು.

"ಸೊನ್ನೆ ಹಾಕಿ ಮಿಸ್" ಅಂದಳು. "ಕದ್ದೆ ಅಂತ್ಲೇ ಬರ್ಕೊಳ್ಳಿ. ಅಮ್ಮಂಗೆ ಮಾತ್ರ ಹೇಳ್ಬೇಡಿ. ಅಮ್ಮನ ಕಣ್ಣು ಹೋಗಿ ಆರು ವರ್ಷ ಆಯ್ತು. ಆ ರೋಗ ನಂಗೆ ಬಂದಿಲ್ಲ ಅಂತ ನಂಬಿದ್ದಾಳೆ. ನಂಗೀಗ ಎಲ್ಲಾ ಬೂದು ಬೂದು. ದಿನಾ ಸಂಜೆ ಅಮ್ಮನ ಜೊತೆ ಕೂತು ಸಿನಿಮಾ ಕೇಳ್ತೀನಿ. ಇಲ್ಲಿ ದನಿ ಇಲ್ದೆ ಓಡ್ಸಿದ್ರೆ ಏನ್ ಮಾಡ್ಲಿ ಮಿಸ್, ಮಲ್ಕೊತಿದ್ದೆ."

ಗ್ಲೆನಿಸ್ ದೂರನ್ನು ಹರಿದಳು. "ನಂದು ತಪ್ಪಾಯ್ತು" ಅಂದಳು. ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ನಾನು ಕೇಳಿರಲಿಲ್ಲ. "ಆದ್ರೆ ಅಮ್ಮಂಗೆ ಹೇಳ್ಲೇಬೇಕು ಪುಟ್ಟಿ. ನಿನ್ ಜೊತೆ ನಾನೂ ಬರ್ತೀನಿ."

ಶನಿವಾರ ಇಬ್ಬರೂ ಬಸ್ಸು ಹತ್ತಿದರು. ಸೋಮವಾರ ಗ್ಲೆನಿಸ್ ಟೀ ಮುಟ್ಟದೆ ಕೂತು ನನಗೆ ಹೇಳಿದಳು. ಹುಡುಗಿ ಮಾತು ಶುರು ಮಾಡುವ ಮೊದಲೇ ತಾಯಿ ಅವಳ ಕೈ ಹಿಡಿದುಕೊಂಡಳಂತೆ.

"ಮೆಟ್ಟಿಲ ಮೇಲೆ ನಿನ್ ಕಾಲು ತಡವರಿಸೋದು ಹೋದ ಚಳಿಗಾಲದಿಂದ ಕೇಳಿಸ್ತಿದೆ ಮಗಳೇ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ."