ಟೀಚರಮ್ಮನ ಕತ್ತಿನ ಗಂಟು

ಚಿಂತಾಮಣಿಯಲ್ಲಿ ನಮ್ಮ ಎದುರು ಮನೆಯ ಕನ್ನಡ ಟೀಚರಮ್ಮನಿಗೆ ಸುತ್ತಿಬಳಸಿ ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. "ಹೆಸರು ಹೇಳಿ ಮಾತಾಡಿ" ಎಂದು ಗದರಿ, ತೋರುಬೆರಳಿನಿಂದ ಗಾಳಿಯಲ್ಲೇ ಒಂದು ಪೂರ್ಣವಿರಾಮ ಇಡುತ್ತಿದ್ದರು.

ಅವರ ಕತ್ತಿನ ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಎದ್ದಾಗ ಬೀದಿಯವರೆಲ್ಲ ಡಾಕ್ಟರಾದರು. ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಒಬ್ಬರಿಗೂ ಇಲ್ಲ. "ಅದಂತೆ, ಪಾಪ" ಎನ್ನುತ್ತಿದ್ದರು. ಪಕ್ಕದ ಮನೆಯ ಸೀಮಂತದಲ್ಲಿ ಮನೆಯಾಕೆ ಅರಿಶಿನ ಕುಂಕುಮದ ತಟ್ಟೆಯನ್ನು ಅವರಿಗೆ ಕೊಡದೆ ದಾಟಿಸಿ ನನ್ನ ಕೈಗಿಟ್ಟಳು. ನೆನೆದರೆ ಈಗಲೂ ಮೈ ಉರಿಯುತ್ತದೆ. ಟೀಚರಮ್ಮ ಎದ್ದು ನಿಂತರು.

"ಅದು ಅಂದ್ರೆ ಯಾವುದ್ರೀ? ಹೆಸರು ಹೇಳಿ ಮಾತಾಡಿ!"

ಮನೆಯಾಕೆ ಕಾಫಿ ತರುವ ನೆಪದಲ್ಲಿ ಒಳಗೆ ಸರಿದಳು.

ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಅವರ ಜೊತೆ ನಾನೇ ಹೋಗಿದ್ದೆ. ಡಾಕ್ಟರು ಬೆರಳಿಟ್ಟು ಅಲ್ಲಾಡಿಸಿದಾಗ ಗಂಟು ಅಕ್ಕಪಕ್ಕಕ್ಕೆ ಸರಿಯಿತು, ಮೇಲೆ ಕೆಳಗೆ ಜಗ್ಗಲಿಲ್ಲ. ಸ್ಕ್ಯಾನು, ಸೂಜಿ ಪರೀಕ್ಷೆ ಎಲ್ಲ ಮುಗಿದ ಮೇಲೆ ಅವರು, "ನರದ ಹೊದಿಕೇಲಿ ಬೆಳೆದಿರೋ ಗಂಟಮ್ಮ ಇದು, ಕ್ಯಾನ್ಸರ್ ಅಲ್ಲ. ಶ್ವಾನೋಮಾ ಅಂತಾರೆ" ಎಂದರು.

ಸಂಜೆ ಆ ಸೀಮಂತದ ಮನೆಯಾಕೆ ಬಂದು ಗೇಟಿನಾಚೆಯೇ ನಿಂತಳು. "ಏನಂತೆ ಟೀಚರ್, ಅದೇನಾ?"

"ಅದಲ್ಲ. ಶ್ವಾನೋಮಾ."

"ಶ್ವಾನ ಅಂದ್ರೆ... ನಾಯೀದಾ?" ಆಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಟೀಚರಮ್ಮ ಗೇಟು ತೆಗೆದು ಹೊರಗೆ ಬಂದರು.

"ಹೂಂ ಕಣಮ್ಮ. ಇನ್ನೊಂದ್ಸಲ ತಟ್ಟೆ ದಾಟಿಸಿ ನೋಡು, ಕಚ್ತೀನಿ" ಎಂದು ಆಕೆಯ ಮೂಗಿನೆದುರೇ ಪೂರ್ಣವಿರಾಮ ಇಟ್ಟರು.